ಹಳೆ ಸೇನಾ ಟ್ರಕ್ಕಿನ ಬ್ರೇಕು, ಸೀಲು, ಹಬ್ಬು: ನಂಬಿಕೆ ಯಾವುದು, ನಿಜ ಯಾವುದು?

“ಮಿಲಿಟರಿ ಗಾಡಿ ಅಲ್ವಾ, ಅದಕ್ಕೇನಾಗುತ್ತೆ?” ಹರಾಜಿನಲ್ಲಿ ಹಳೆಯ ಸೇನಾ ಟ್ರಕ್ ಕೊಂಡವರನ್ನು ದಾರಿ ತಪ್ಪಿಸುವ ಮೊದಲ ಮಾತೇ ಇದು. ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಬಗ್ಗೆ ನಮ್ಮ ನಿವೃತ್ತ ಯೋಧರು ಅಭಿಮಾನದಿಂದ ಮಾತಾಡುವುದನ್ನು ಕೇಳಿದವರಿಗೆ ಈ ನಂಬಿಕೆ ಹೊಸದಲ್ಲ. ಅಮೆರಿಕದಲ್ಲಿ ಇದೇ ಅಭಿಮಾನ ಎಂ35 ಎಂಬ ಟ್ರಕ್ಕಿನ ಸುತ್ತ ಬೆಳೆದಿದೆ. ರಿಯೋ ಕಂಪನಿ ರೂಪಿಸಿದ ಈ ಗಾಡಿ ಸೇನೆ ಸೇರಿದ್ದು 1950ರ ಹೊತ್ತಿಗೆ. ರಸ್ತೆಯಿಲ್ಲದ ನೆಲದಲ್ಲೂ ಎರಡೂವರೆ ಟನ್ ಹೊರುವ ಶಕ್ತಿ, ಆ ಲೆಕ್ಕದಲ್ಲೇ ‘ಡ್ಯೂಸ್ ಆ್ಯಂಡ್ ಎ ಹಾಫ್’ ಎಂಬ ಅಡ್ಡಹೆಸರು. ಮುಂದೆ ಕೈಸರ್ ಜೀಪ್, ಎಎಂ ಜನರಲ್ ಕಂಪನಿಗಳೂ ಇದನ್ನು ತಯಾರಿಸಿದವು. ವಿಯೆಟ್ನಾಂ ಯುದ್ಧವನ್ನು ಕಂಡ ಈ ಗಾಡಿಗಳು ಸೇನೆ ಕೈಬಿಟ್ಟ ಮೇಲೆ ರೈತರು, ಗ್ರಾಮೀಣ ಅಗ್ನಿಶಾಮಕ ದಳಗಳು ಮತ್ತು ಹವ್ಯಾಸಿಗಳ ಕೈ ಸೇರಿದವು.

ಗಾಡಿ ಗಟ್ಟಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸೇನೆಯಲ್ಲಿ ಅದು ಗಟ್ಟಿಯಾಗಿ ಉಳಿದದ್ದು ಕಬ್ಬಿಣದ ದಪ್ಪದಿಂದಷ್ಟೇ ಅಲ್ಲ, ತಪ್ಪದೆ ನಡೆಯುತ್ತಿದ್ದ ಆರೈಕೆಯಿಂದ. ಹೊರಡುವ ಮುಂಚೆ ನೋಡುವುದೇನು, ದಾರಿಯಲ್ಲಿ ನೋಡುವುದೇನು, ಮರಳಿದ ಮೇಲೆ ನೋಡುವುದೇನು ಎಂದು ಕೈಪಿಡಿಯಲ್ಲೇ ಬರೆದಿಟ್ಟಿದ್ದರು. ಅದನ್ನು ಮಾಡುವ ಕೈಗಳೂ ಇದ್ದವು. ಹರಾಜಿನಲ್ಲಿ ಗಾಡಿ ಸಿಗುತ್ತದೆ, ಆ ಕೈಗಳು ಸಿಗುವುದಿಲ್ಲ. ವರ್ಷಗಟ್ಟಲೆ ಬಯಲಲ್ಲಿ ನಿಂತ ಟ್ರಕ್ಕಿನಲ್ಲಿ ಎಂಜಿನ್ ಶುರುವಾದರೆ ಎಲ್ಲ ಸರಿಯಿದೆ ಎಂದು ಖುಷಿಪಡುವವರೇ ಹೆಚ್ಚು. ಓಡದ ಎಂಜಿನ್ ಯಾರನ್ನೂ ಕೊಲ್ಲುವುದಿಲ್ಲ. ನಿಲ್ಲದ ಗಾಡಿ ಕೊಲ್ಲುತ್ತದೆ. ಆದ್ದರಿಂದ ಇಲ್ಲಿ ಚಕ್ರದೊಳಗಿನ ಮಾತಷ್ಟೇ ಆಡುತ್ತೇನೆ.

ಬ್ರೇಕಿನ ಬಗ್ಗೆ ಇರುವ ಅತಿ ಅಪಾಯಕಾರಿ ನಂಬಿಕೆ ಇದು: “ಏರ್ ಟ್ಯಾಂಕ್ ಇದೆ, ಅಂದರೆ ಏರ್ ಬ್ರೇಕ್. ಏರ್ ಹೋದರೆ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತೆ.” ಇಂದಿನ ದೊಡ್ಡ ಲಾರಿಗಳಲ್ಲಿ ಏರ್ ಇಳಿದಾಗ ಬಲವಾದ ಸ್ಪ್ರಿಂಗುಗಳು ಹಿಂದಿನ ಚಕ್ರಗಳನ್ನು ಬಿಗಿಹಿಡಿಯುವುದು ನಿಜ. ಎಂ35 ಮತ್ತು ಅದರ ಎ2 ಮಾದರಿಯಲ್ಲಿ ಅಂಥ ಏರ್ಪಾಡೇ ಇಲ್ಲ. ಇಲ್ಲಿ ಚಕ್ರವನ್ನು ನಿಲ್ಲಿಸುವುದು ಬ್ರೇಕ್ ಆಯಿಲ್. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡವನ್ನು ‘ಏರ್‌ಪ್ಯಾಕ್’ ಎಂಬ ಭಾಗ ಏರಿನ ಬಲದಿಂದ ಹಲವು ಪಟ್ಟು ಹೆಚ್ಚಿಸಿ ವೀಲ್ ಸಿಲಿಂಡರ್‌ಗಳಿಗೆ ಕಳಿಸುತ್ತದೆ. ಏರ್ ಇಲ್ಲದಿದ್ದರೂ ಪೆಡಲ್ ಕೆಲಸ ಮಾಡುತ್ತದೆ. ಆದರೆ ಆರು ಟನ್ನಿನ ಆಸುಪಾಸು ತೂಗುವ ಖಾಲಿ ಗಾಡಿಯನ್ನು ಬರೀ ಕಾಲಿನ ಬಲದಿಂದ ನಿಲ್ಲಿಸಲು ಎಷ್ಟು ದೂರ ಬೇಕು ಎಂಬುದನ್ನು ಇಳಿಜಾರಿನಲ್ಲಿ ಕಲಿಯಬಾರದು.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಮಾಸ್ಟರ್ ಸಿಲಿಂಡರ್ ಒಂದೇ, ಆಯಿಲ್ ಹರಿಯುವ ಮಾರ್ಗವೂ ಒಂದೇ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಮಾರ್ಗಗಳ ಬ್ರೇಕ್ ಕಡ್ಡಾಯವಾಯಿತು. ಒಂದು ಸೋರಿದರೆ ಇನ್ನೊಂದು ಉಳಿಯಲಿ ಎಂಬ ಉದ್ದೇಶ. ಈ ಟ್ರಕ್ಕಿಗೆ ಆ ಆಸರೆ ಇಲ್ಲ. ಆರು ಡ್ರಮ್ಮುಗಳಲ್ಲಿ ಯಾವುದಾದರೂ ಒಂದರ ವೀಲ್ ಸಿಲಿಂಡರ್ ರಬ್ಬರ್ ಹರಿದರೂ ಆರೂ ಚಕ್ರಗಳ ಬ್ರೇಕ್ ಹೋಗುತ್ತದೆ. “ಐದು ಚಕ್ರ ಸರಿಯಿವೆ, ಒಂದು ಸ್ವಲ್ಪ ಒಸರುತ್ತೆ, ನೋಡೋಣ” ಎನ್ನುವವರು ಈ ಲೆಕ್ಕವನ್ನು ಮರೆತಿರುತ್ತಾರೆ. ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿಯ ತಗಡಿನ ಕೆಳಗೆ, ಬಗ್ಗಿ ನೋಡದೆ ಆಯಿಲ್ ಮಟ್ಟ ಗೊತ್ತಾಗದು. ಕಣ್ಣಿಗೆ ಕಾಣದ್ದನ್ನು ತಿಂಗಳುಗಟ್ಟಲೆ ಯಾರೂ ನೋಡುವುದಿಲ್ಲ. ಮಾಲೀಕರಲ್ಲಿ ಕೆಲವರು ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಕೂರಿಸಿ ಮಾರ್ಗವನ್ನು ಇಬ್ಭಾಗ ಮಾಡಿಸುತ್ತಾರೆ. ಹಳೆಯದನ್ನು ಹಳೆಯದರಂತೆಯೇ ಉಳಿಸಬೇಕೆಂಬ ಆಸೆ ನನಗೂ ಇಷ್ಟ. ಆದರೆ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವುದಾದರೆ ಈ ಒಂದು ಬದಲಾವಣೆಗೆ ನನ್ನ ಪೂರ್ಣ ಒಪ್ಪಿಗೆಯಿದೆ.

“ಒಂದು ಸಲಕ್ಕೆ ಹಿಡಿಯದಿದ್ದರೂ ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತೆ” ಎಂಬ ಸಮಾಧಾನವೂ ಇದರ ಜೊತೆಗೇ ಬರುತ್ತದೆ. ಎರಡನೆಯ ಒತ್ತಿಗೆ ಪೆಡಲ್ ಮೇಲೆದ್ದರೆ ಅದು ದೂರು ಎಂದೇ ತಿಳಿಯಬೇಕು. ಲೈನರ್ ಸವೆದು ಡ್ರಮ್ಮಿಗೂ ಶೂಗೂ ನಡುವೆ ಅಂತರ ಹೆಚ್ಚಿದೆ, ಇಲ್ಲವೇ ಪೈಪಿನಲ್ಲಿ ಏರ್ ಸೇರಿದೆ. ಈ ಟ್ರಕ್ಕಿನಲ್ಲಿ ಅಂತರ ತಾನಾಗಿ ಸರಿಹೋಗದು, ಪ್ರತಿ ಚಕ್ರದಲ್ಲೂ ಕೈಯಿಂದಲೇ ಹೊಂದಿಸಬೇಕು. ಹೊಸ ಶೂ ಹಾಕಿದಾಗಲಂತೂ ಮೇಲಿನ ಕ್ಯಾಮ್ ತಿರುಗಿಸಿದರೆ ಸಾಲದು, ಕೆಳಗಿನ ಆಂಕರ್ ಪಿನ್ನುಗಳನ್ನೂ ಹೊಂದಿಸಿ, ಲೈನರಿನ ಇಡೀ ಮೈ ಡ್ರಮ್ಮಿಗೆ ತಾಗುವಂತೆ ಫೀಲರ್ ಗೇಜ್ ಇಟ್ಟು ನೋಡಬೇಕು.

ಬ್ರೇಕ್ ಆಯಿಲ್ ವಿಷಯದಲ್ಲಿ ನಂಬಿಕೆಗಳು ಎರಡು ತುದಿಯಲ್ಲಿವೆ. ಒಬ್ಬರು “ಯಾವುದಾದರೂ ಸರಿ, ಬ್ರೇಕ್ ಆಯಿಲ್ ತಾನೇ” ಎಂದು ಸುರಿಯುತ್ತಾರೆ. ಇನ್ನೊಬ್ಬರು “ಇದರಲ್ಲಿ ಸಿಲಿಕೋನ್ ಇದೆ, ಜೀವಮಾನವಿಡೀ ಬದಲಿಸಬೇಕಿಲ್ಲ” ಎನ್ನುತ್ತಾರೆ. ಎರಡೂ ತಪ್ಪು. ಮೊದಲು ಈ ಗಾಡಿಗಳಲ್ಲಿ ಇದ್ದದ್ದು ಗ್ಲೈಕಾಲ್ ಬಗೆಯ ಸಾಮಾನ್ಯ ಬ್ರೇಕ್ ಆಯಿಲ್. ಅಮೆರಿಕದ ಸೇನೆ 1980ರ ದಶಕದ ಆರಂಭದಲ್ಲಿ ಸಿಲಿಕೋನ್ ಆಯಿಲ್‌ಗೆ, ಅಂದರೆ ಡಾಟ್ 5ಕ್ಕೆ ಬದಲಾಯಿತು. ಗ್ಲೈಕಾಲ್ ತೇವಾಂಶ ಹೀರುತ್ತದೆ. ಆ ಬಗೆಯ ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು. ನೀರು ಹೀರಿದ ಡಾಟ್ 3ಕ್ಕೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಸಿಲಿಕೋನ್ ನೀರನ್ನು ಹೀರದು. ಹೆಚ್ಚು ಓಡದೆ ನಿಂತೇ ಇರುವ ಸೇನಾ ಗಾಡಿಗಳಿಗೆ ಆ ಗುಣ ಬೇಕಿತ್ತು. ಆದರೆ ಹೇಗೋ ಒಳಸೇರಿದ ನೀರು ಅದರಲ್ಲಿ ಬೆರೆಯದೆ ಬೇರೆಯಾಗಿಯೇ ಉಳಿದು ವೀಲ್ ಸಿಲಿಂಡರಿನ ತಳದಂಥ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲೇ ತುಕ್ಕು ಹಿಡಿದು ಗುಳಿ ಬೀಳುತ್ತದೆ, ಆ ಗುಳಿಯಲ್ಲಿ ಬಟ್ಟಲಿನಾಕಾರದ ರಬ್ಬರ್ ಸೀಲು, ಅಂದರೆ ಕಪ್ಪು, ಸವೆಯುತ್ತದೆ. ಸಿಲಿಕೋನ್ ಆದರೂ ಆಗಾಗ ಹೊಸ ಆಯಿಲ್ ಹಾಯಿಸಿ ಹಳೆಯದನ್ನು ಹೊರಹಾಕಬೇಕಾದ್ದು ಇದಕ್ಕೇ.

ಎರಡನ್ನೂ ಬೆರೆಸುವಂತಿಲ್ಲ. ಡಾಟ್ 5.1 ಎಂಬ ಡಬ್ಬಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಹೆಸರು ಕೇಳಿದರೆ ಡಾಟ್ 5ರ ತಮ್ಮನಂತಿದ್ದರೂ ಅದು ಗ್ಲೈಕಾಲ್ ಬಳಗದ್ದು. ಸಿಲಿಕೋನ್ ತುಂಬುವಾಗ ನಿಧಾನವಾಗಿ ಸುರಿಯಬೇಕು. ಡಬ್ಬಿ ಕುಲುಕಿದರೆ ಸಣ್ಣ ಗುಳ್ಳೆಗಳು ಸೇರಿಕೊಂಡು ಬೇಗ ಬಿಡುವುದಿಲ್ಲ, ಏರ್ ಹೊರಹಾಕಲು ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಉಳಿಯುತ್ತದೆ.

ಇನ್ನು ಸೀಲು. ಎಂ35ರಲ್ಲಿ ಬ್ರೇಕ್ ಲೈನರ್ ಬದಲಿಸಬೇಕೆಂದರೆ ಡ್ರಮ್ಮನ್ನಷ್ಟೇ ಎಳೆದು ತೆಗೆಯಲಾಗದು. ಆ್ಯಕ್ಸಲ್ ಶಾಫ್ಟ್ ಎಳೆದು, ನಟ್ಟು ಬಿಚ್ಚಿ, ಬೇರಿಂಗ್ ಸಮೇತ ಹಬ್ಬು ಮತ್ತು ಡ್ರಮ್ಮು ಒಟ್ಟಿಗೆ ಹೊರಬರಬೇಕು. ಹಾಗಾಗಿ ಬ್ರೇಕಿನ ಕೆಲಸ ಬೇರೆ, ಸೀಲಿನ ಕೆಲಸ ಬೇರೆ, ಬೇರಿಂಗಿನ ಕೆಲಸ ಬೇರೆ ಎಂದು ಬಿಡಿಸಿ ನೋಡುವುದೇ ಮೂಲದ ತಪ್ಪು. ಒಮ್ಮೆ ಹಬ್ಬು ಬಿಚ್ಚಿದ ಮೇಲೆ ಕೆಲವೇ ರೂಪಾಯಿ ಉಳಿಸಲು ಹಳೆ ಸೀಲನ್ನೇ ಮತ್ತೆ ಹಾಕುವುದು ಇಡೀ ಶ್ರಮವನ್ನು ನೀರಿಗೆ ಹಾಕಿದಂತೆ.

“ಡ್ರಮ್ಮಿನಲ್ಲಿ ಜಿಡ್ಡು ಕಂಡರೆ ಸೀಲ್ ಹೋಗಿದೆ, ಹೊಸ ಸೀಲ್ ಹಾಕಿದರೆ ಮುಗಿಯಿತು” ಎನ್ನುತ್ತಾರೆ. ಯಾವ ಜಿಡ್ಡು ಎಂದು ಮೊದಲು ಕೇಳಬೇಕು. ಗಂಧಕದ ಘಾಟು ಇದ್ದರೆ ಕ್ರೌನಿನ, ಅಂದರೆ ಡಿಫರೆನ್ಷಿಯಲ್ಲಿನ, ಗೇರ್ ಆಯಿಲ್. ವಾಸನೆಯಿಲ್ಲದೆ ಬೆರಳಿಗೆ ವಿಪರೀತ ಜಾರುವಂತಿದ್ದು, ತುಸು ನೇರಳೆ ಛಾಯೆ ಉಳಿದಿದ್ದರೆ ಸಿಲಿಕೋನ್ ಬ್ರೇಕ್ ಆಯಿಲ್, ಅಂದರೆ ವೀಲ್ ಸಿಲಿಂಡರಿನ ಸೋರಿಕೆ. ಗಟ್ಟಿ ಮುದ್ದೆಯಾಗಿದ್ದರೆ ಬೇರಿಂಗಿನ ಗ್ರೀಸ್. ಮೂರಕ್ಕೂ ಮೂಲ ಬೇರೆ ಬೇರೆ. ಹೊರಗಿನ ಸೀಲು ಕ್ರೌನಿನ ಆಯಿಲನ್ನು ಹಬ್ಬಿನೊಳಗೆ ಬಿಡದೆ ತಡೆಯುತ್ತದೆ, ಒಳಗಿನ ಸೀಲು ಗ್ರೀಸನ್ನು ಡ್ರಮ್ಮಿಗೆ ಬಿಡದೆ ತಡೆಯುತ್ತದೆ. ಹೊರಗಿನದು ಸೋತರೆ ಗೇರ್ ಆಯಿಲ್ ಹಬ್ಬಿಗೆ ನುಗ್ಗಿ ಗ್ರೀಸನ್ನು ತೆಳುವಾಗಿಸಿ ಒಳಗಿನ ಸೀಲನ್ನೂ ದಾಟುತ್ತದೆ. ಹಬ್ಬು ಕೂರುವ ಸ್ಪಿಂಡಲ್ ಮೇಲೆ ವಾಷರಿಗಾಗಿ ಕೊರೆದ ತೋಡಿನಲ್ಲೂ ಆಯಿಲ್ ಹರಿದುಬರಬಲ್ಲದು. ಅನುಭವಿಗಳು ಅದನ್ನು ಸೀಲೆಂಟ್‌ನಿಂದ ಮುಚ್ಚುತ್ತಾರೆ.

ಸೀಲ್ ಸೋಲಲು ಕಾರಣ ಎಷ್ಟೋ ಸಲ ಸೀಲೇ ಆಗಿರುವುದಿಲ್ಲ. ಆ್ಯಕ್ಸಲ್ ಹೌಸಿಂಗಿನ ಮೇಲೊಂದು ಸಣ್ಣ ಬ್ರೀದರ್ ಇದೆ. ಮಣ್ಣು ಕಟ್ಟಿ ಅದು ಮುಚ್ಚಿದರೆ, ಓಡಿ ಬಿಸಿಯಾದ ಹೌಸಿಂಗಿನೊಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲಿನ ತುಟಿಯಿಂದಾಚೆ ತಳ್ಳುತ್ತದೆ. ಎಷ್ಟು ಹೊಸ ಸೀಲ್ ಹಾಕಿದರೂ ಮತ್ತೆ ಅದೇ ಕಥೆ. ಹೌಸಿಂಗಿಗೆ ಮಿತಿಮೀರಿ ಆಯಿಲ್ ತುಂಬಿದರೂ ಹೀಗೇ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ತುಟಿಯೂ ಅಲ್ಲಿ ಕೂರದು. ಬೇರಿಂಗ್ ಸಡಿಲವಾಗಿ ಹಬ್ಬು ಅಲುಗಾಡುತ್ತಿದ್ದರೆ ಯಾವ ಸೀಲೂ ಉಳಿಯದು. ಬ್ರೀದರ್ ಸ್ವಚ್ಛ ಮಾಡಲು ಬೇಕಾದದ್ದು ಐದು ನಿಮಿಷ ಮತ್ತು ಒಂದು ತಂತಿ. ಮೊದಲು ಅದನ್ನು ಮಾಡಿ ಎಂದು ಯಾರು ಕೇಳಿದರೂ ಹೇಳುತ್ತೇನೆ.

ಮೊಹರಾದ ಸೇನಾ ಪೊಟ್ಟಣದಲ್ಲಿ ಸಿಕ್ಕ ಹಳೆಯ ಬಿಡಿಭಾಗ ಹೊಸದಕ್ಕೆ ಸಮ ಎಂಬ ನಂಬಿಕೆ ಕಬ್ಬಿಣಕ್ಕೆ ಸರಿ, ರಬ್ಬರಿಗೆ ಸಲ್ಲದು. ಪೊಟ್ಟಣದೊಳಗೂ ರಬ್ಬರಿಗೆ ವಯಸ್ಸಾಗುತ್ತದೆ. ಅದಕ್ಕೆಂದೇ ಸೇನಾ ಪೊಟ್ಟಣಗಳ ಮೇಲೆ ರಬ್ಬರ್ ತಯಾರಾದ ವರ್ಷ ಮತ್ತು ತ್ರೈಮಾಸಿಕವನ್ನು ಮುದ್ರಿಸಿರುತ್ತಾರೆ. ಮೂವತ್ತು ವರ್ಷ ಹಳೆಯ ವೀಲ್ ಸಿಲಿಂಡರಿನ ಮೈ ಚೆನ್ನಾಗಿದ್ದರೆ ಇಟ್ಟುಕೊಳ್ಳಿ, ಕಪ್ಪುಗಳನ್ನು ಬದಲಿಸಿ. ಆ ಕಪ್ಪುಗಳನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಬೇಡಿ, ಉಬ್ಬಿ ಹಾಳಾಗುತ್ತವೆ.

ಜಿಡ್ಡು ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ಹಚ್ಚಿ ಒಣಗಿಸಿ ಮತ್ತೆ ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಿಗೂ ಅಪರಿಚಿತವಲ್ಲ. ಲೈನರಿನ ಒಳಗೆಲ್ಲ ಸಣ್ಣ ರಂಧ್ರಗಳಿರುವುದರಿಂದ ಮೇಲ್ಮೈ ಒಣಗಿದರೂ ಒಳಗಿನ ಜಿಡ್ಡು ಹಾಗೇ ಇರುತ್ತದೆ. ಜೋರಾಗಿ ಬ್ರೇಕ್ ಹಾಕಿ ಡ್ರಮ್ ಕಾದಾಗ, ಅಂದರೆ ಬ್ರೇಕ್ ಅತಿ ಅಗತ್ಯವಿರುವಾಗಲೇ, ಅದು ಹೊರಬರುತ್ತದೆ. ಆ ಆ್ಯಕ್ಸಲಿನ ಎರಡೂ ಕಡೆಯ ಲೈನರ್ ಒಟ್ಟಿಗೆ ಬದಲಿಸಬೇಕು, ಒಂದು ಕಡೆ ಮಾತ್ರ ಬದಲಿಸಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಏರಿನಿಂದ ಊದುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಆ ಕಾಲದ ಲೈನರಿನಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶ ಸೇರಿದರೆ ರೋಗ ಕಾಣಿಸಿಕೊಳ್ಳಲು ದಶಕಗಳೇ ಬೇಕಾಗಬಹುದು, ಆದರೆ ಬಂದರೆ ಮಾರಕವಾಗಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಗ್ಯಾರೇಜಿನಲ್ಲಿ ಸಹಾಯಕ್ಕೆ ನಿಂತ ಹುಡುಗರ ಮುಖ ಡ್ರಮ್ಮಿಗೆ ಎಷ್ಟು ಹತ್ತಿರ ಇರುತ್ತದೆ ಎಂದು ನೋಡಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಬೇರಿಂಗಿಗೆ ಗ್ರೀಸ್ ಹೆಚ್ಚಿದಷ್ಟೂ ಒಳ್ಳೆಯದು, ನಟ್ಟು ಬಿಗಿದಷ್ಟೂ ಒಳ್ಳೆಯದು ಎಂಬವು ಜೋಡಿ ನಂಬಿಕೆಗಳು. ಗ್ರೀಸನ್ನು ಅಂಗೈಯಲ್ಲಿಟ್ಟುಕೊಂಡು ಬೇರಿಂಗಿನ ರೋಲರುಗಳ ನಡುವೆ ತುಂಬಬೇಕು ನಿಜ. ಆದರೆ ಹಬ್ಬಿನ ಹೊಟ್ಟೆಯ ತುಂಬ ಮೆತ್ತಿದರೆ ಅದು ಬಿಸಿಯಾಗಿ ಹಿಗ್ಗಿ ದಾರಿ ಹುಡುಕುತ್ತದೆ, ಸಿಗುವ ದಾರಿ ಒಳಗಿನ ಸೀಲು. ಟೇಪರ್ ರೋಲರ್ ಬೇರಿಂಗಿಗೆ ಉಸಿರಾಡುವಷ್ಟು ಆಟ ಬೇಕು. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು ರೋಲರುಗಳು ಸರಿಯಾಗಿ ಕೂತ ಮೇಲೆ ಕೈಪಿಡಿ ಹೇಳಿದಷ್ಟು ಸಡಿಲಿಸಬೇಕು. ಅಮೆರಿಕದ ಟ್ರಕ್ ಉದ್ಯಮ ಸಾಮಾನ್ಯವಾಗಿ ಒಪ್ಪುವ ಆಟ 0.025ರಿಂದ 0.127 ಮಿಲಿಮೀಟರ್. ಹೊರಗಿನ ಲಾಕ್ ನಟ್ಟು ಬಿಗಿದಾಗ ಈ ಅಳತೆ ಬದಲಾಗುವುದರಿಂದ ಕೊನೆಯಲ್ಲಿ ಮತ್ತೊಮ್ಮೆ ನೋಡಲೇಬೇಕು. ಇಲ್ಲಿ ಅವಸರ ಮಾಡುವವರೇ ಹೆಚ್ಚು.

ಚಕ್ರದ ನಟ್ಟುಗಳ ಬಗ್ಗೆ ಒಂದು ಮಾತು: ಗಾಡಿಯ ಎಡಬದಿಯ ನಟ್ಟುಗಳಿಗೆ ಎಡ ಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಜಾಮ್ ಆಗಿದೆ ಎಂದು ಉದ್ದದ ಪೈಪ್ ಹಾಕಿ ಎಡಕ್ಕೆ ಎಳೆದು ಸ್ಟಡ್ ಮುರಿದವರಿದ್ದಾರೆ. ಕೆಲಸಕ್ಕೆ ಮುಂಚೆ ಮರೆಯ ದಿಕ್ಕು ತಿಳಿಸುವ, ಸ್ಟಡ್ಡಿನ ತುದಿಯ ಅಕ್ಷರ ನೋಡಿ.

“ಹ್ಯಾಂಡ್ ಬ್ರೇಕ್ ಹಾಕಿದೆ, ಗಾಡಿ ಎಲ್ಲಿಗೆ ಹೋಗುತ್ತೆ?” ಈ ಟ್ರಕ್ಕಿನ ಹ್ಯಾಂಡ್ ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ, ಆ್ಯಕ್ಸಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿಂದ ಚಕ್ರಕ್ಕೆ ಹಿಡಿತ ಬರುವುದು ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಆ್ಯಕ್ಸಲ್ ಶಾಫ್ಟುಗಳ ಮೂಲಕ. ಒಂದು ಚಕ್ರವನ್ನು ಜಾಕಿಯಿಂದ ಎತ್ತಿದರೆ, ಇಲ್ಲವೇ ಒಂದು ಆ್ಯಕ್ಸಲ್ ಶಾಫ್ಟ್ ಎಳೆದರೆ, ಆ ಆ್ಯಕ್ಸಲಿನ ಹಿಡಿತ ಹೋಗುತ್ತದೆ. ಹಬ್ಬು ಬಿಚ್ಚಲು ನಾವು ಮಾಡುವುದು ಈ ಎರಡೂ ಕೆಲಸವನ್ನೇ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಮರದ ಅಡೆ ಕೊಟ್ಟು, ಜಾಕಿಯ ಜೊತೆಗೆ ಸ್ಟ್ಯಾಂಡನ್ನೂ ಇಟ್ಟು ಆಮೇಲೆ ಕೆಳಗೆ ಹೋಗಬೇಕು.

ಎಲ್ಲ ಜೋಡಿಸಿದ ಮೇಲೆ ಪೆಡಲ್ ಗಟ್ಟಿಯಿದೆ ಎಂದು ಹೆದ್ದಾರಿಗೆ ಹೊರಡಬೇಡಿ. ಖಾಲಿ ಗಾಡಿಯನ್ನು ನಿಧಾನವಾಗಿ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಆರೂ ಚಕ್ರಗಳ ಬಿಸಿಯನ್ನು ಥರ್ಮಾಮೀಟರ್ ಗನ್ನಿನಿಂದ ಅಳೆದು ಹೋಲಿಸಿ. ಹಬ್ಬಿನ ನಡುಭಾಗ ಉಳಿದವಕ್ಕಿಂತ ಬಿಸಿಯಿದ್ದರೆ ಬೇರಿಂಗ್ ಬಿಗಿಯಾಗಿದೆ. ಡ್ರಮ್ಮಿನ ಅಂಚು ಬಿಸಿಯಿದ್ದರೆ ಶೂ ಉಜ್ಜುತ್ತಿದೆ. ಒಂದು ಡ್ರಮ್ ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಲೇ ಇಲ್ಲ, ಆ ಚಕ್ರವನ್ನು ಮತ್ತೆ ಬಿಚ್ಚಬೇಕು.