ಗಡ್ಡೆ ಕರಗುವಾಗಿನ ಗಂಡಾಂತರ

ರಕ್ತದ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ ಔಷಧ ಚೆನ್ನಾಗಿ ನಾಟಿದ್ದೇ ಆಪತ್ತಿಗೆ ಕಾರಣವಾಗುವುದುಂಟು. ಕೀಮೋಥೆರಪಿ ಶುರುವಾದ 12ರಿಂದ 72 ಗಂಟೆಗಳೊಳಗೆ ಕೋಟಿಗಟ್ಟಲೆ ಕ್ಯಾನ್ಸರ್ ಕೋಶಗಳು ಒಟ್ಟಿಗೆ ಒಡೆದು, ಒಳಗಿದ್ದುದೆಲ್ಲ ರಕ್ತಕ್ಕೆ ಸುರಿಯುತ್ತದೆ. ಇದೇ ಟ್ಯೂಮರ್ ಲೈಸಿಸ್ ಸಿಂಡ್ರೋಮ್. ಬರ್ಕಿಟ್ ಲಿಂಫೋಮಾ, ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಂಥ ಭರದಿಂದ ಬೆಳೆಯುವ ಕಾಯಿಲೆಗಳಲ್ಲಿ ಇದರ ಭಯ ಹೆಚ್ಚು. ಸ್ತನ, ಕರುಳಿನ ಗಡ್ಡೆಗಳಲ್ಲಿ ಅಪರೂಪ.

ಕೋಶದಿಂದ ಹೊರಬಿದ್ದ ಪೊಟ್ಯಾಸಿಯಂ ಎಲ್ಲಕ್ಕಿಂತ ಬೇಗ ಪ್ರಾಣಕ್ಕೆ ಸಂಚಕಾರ ತರಬಲ್ಲದು. ಅದು ಮಿತಿಮೀರಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ನಿಂತೂ ಹೋಗಬಹುದು. ಫಾಸ್ಫೇಟ್ ರಕ್ತದಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಆಗ ಕ್ಯಾಲ್ಸಿಯಂ ಮಟ್ಟ ಕುಸಿದು ಕೈಕಾಲು ಸೆಟೆದುಕೊಳ್ಳುತ್ತವೆ, ಒಮ್ಮೊಮ್ಮೆ ಫಿಟ್ಸ್ ಬರುತ್ತದೆ. ಡಿಎನ್‌ಎಯ ಚೂರುಗಳಿಂದ ಯೂರಿಕ್ ಆಮ್ಲ ಹುಟ್ಟುತ್ತದೆ. ಅದನ್ನು ಮತ್ತಷ್ಟು ಒಡೆದು ನೀರಿನಲ್ಲಿ ಸುಲಭವಾಗಿ ಕರಗಿಸುವ ಕಿಣ್ವ ಹೆಚ್ಚಿನ ಸಸ್ತನಿಗಳಲ್ಲಿದೆ, ಮನುಷ್ಯನಲ್ಲಿಲ್ಲ. ಹಾಗಾಗಿ ಯೂರಿಕ್ ಆಮ್ಲ ಮೂತ್ರಪಿಂಡದ ನಾಳಗಳಲ್ಲಿ ಹರಳಾಗಿ ಕೂತು ದಾರಿ ಕಟ್ಟುತ್ತದೆ. ಮೂತ್ರ ಕಡಿಮೆಯಾದಂತೆ ಪೊಟ್ಯಾಸಿಯಂ ಹೊರಹೋಗುವ ಬಾಗಿಲೂ ಮುಚ್ಚುತ್ತದೆ.

ಇದಕ್ಕೆ ಮುನ್ನೆಚ್ಚರಿಕೆಯೇ ಮುಖ್ಯ ಚಿಕಿತ್ಸೆ. ಕೀಮೋಗೆ ಮೊದಲೇ ಡ್ರಿಪ್ ಹಾಕಿ ಧಾರಾಳವಾಗಿ ದ್ರವ ಕೊಡುತ್ತಾರೆ, ಮೂತ್ರದ ಅಳತೆ ಬರೆದಿಡುತ್ತಾರೆ, ದಿನಕ್ಕೆ ಹಲವು ಸಲ ರಕ್ತ ಪರೀಕ್ಷಿಸುತ್ತಾರೆ. ಯೂರಿಕ್ ಆಮ್ಲ ತಯಾರಾಗದಂತೆ ಅಲೋಪ್ಯೂರಿನಾಲ್ ಮಾತ್ರೆ ತಡೆಯುತ್ತದೆ. ಗೌಟ್ ರೋಗಿಗಳಿಗೆ ಪರಿಚಿತವಾದ ಈ ಮದ್ದು ಮೂಲತಃ ಲ್ಯುಕೇಮಿಯಾ ಸಂಶೋಧನೆಯ ಕೂಸು: ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಮರ್ಕ್ಯಾಪ್ಟೋಪ್ಯೂರಿನ್ ಎಂಬ ಕ್ಯಾನ್ಸರ್ ಔಷಧ ದೇಹದಲ್ಲಿ ಬೇಗ ನಾಶವಾಗದಂತೆ ಮಾಡಲು ಇದನ್ನು ಪ್ರಯೋಗಿಸಿದ್ದರು. 1988ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರೂ ಪಾಲು ಪಡೆದರು. ಆದರೆ ಆಗಲೇ ತುಂಬಿಕೊಂಡಿರುವ ಯೂರಿಕ್ ಆಮ್ಲದ ಮೇಲೆ ಅಲೋಪ್ಯೂರಿನಾಲ್ ಆಟ ನಡೆಯದು. ಅದಕ್ಕೆ ರಾಸ್ಬ್ಯುರಿಕೇಸ್ ಬೇಕು. ಮನುಷ್ಯನಲ್ಲಿಲ್ಲದ ಆ ಕಿಣ್ವವನ್ನೇ ಇದು ಚುಚ್ಚುಮದ್ದಾಗಿ ಒದಗಿಸುತ್ತದೆ. ಬೆಲೆ ದುಬಾರಿ. ಹುಟ್ಟಿನಿಂದ ಜಿ6ಪಿಡಿ ಕಿಣ್ವದ ಕೊರತೆಯಿರುವವರಿಗೆ ಕೊಟ್ಟರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಆದ್ದರಿಂದ ಮೊದಲು ಪರೀಕ್ಷೆ ಅಗತ್ಯ. ಯಾವುದಕ್ಕೂ ಬಗ್ಗದಿದ್ದರೆ ಡಯಾಲಿಸಿಸ್ ಮಾಡಬೇಕಾಗುತ್ತದೆ.

ಬಳಲಿದ ರೋಗಿಗೆ ಮನೆಯವರು ಪ್ರೀತಿಯಿಂದ ತರುವ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಈ ಅಪಾಯದ ದಿನಗಳಲ್ಲಿ ಎಳನೀರು, ಬಾಳೆಹಣ್ಣು, ಹಣ್ಣಿನ ರಸವನ್ನು ವೈದ್ಯರನ್ನು ಕೇಳದೆ ಕೊಡಬಾರದು. ಮೂತ್ರ ಕಡಿಮೆಯಾದರೆ, ಎದೆ ಡವಗುಟ್ಟಿದರೆ, ಬಾಯಿಯ ಸುತ್ತ ಜುಮುಗುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ ತಿಳಿಸಬೇಕು.