ಮಾಡೋರು ಒಬ್ಬರು, ಹೆಸರು ಇನ್ನೊಬ್ಬರದು



ನಮ್ಮ ಅಕ್ಕ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಫೋನ್ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. ಕರೆದುಕೊಂಡು ಹೋಗಲು ಕಂಪನಿ ಬಸ್ಸು ಬರುತ್ತೆ. ಒಂದು ದಿನ ಅಜ್ಜಿ, "ನೀನು ಮಾಡೋ ಫೋನಿನ ಮೇಲೆ ನಿಮ್ಮ ಕಾರ್ಖಾನೆ ಹೆಸರು ಇರುತ್ತಾ?" ಎಂದು ಕೇಳಿದಳು. "ಇಲ್ಲ ಅಜ್ಜಿ, ಅಮೆರಿಕದ ಆಪಲ್ ಕಂಪನಿಯ ಸೇಬಿನ ಗುರುತು ಇರುತ್ತೆ" ಎಂದಳು ಅಕ್ಕ. "ಮಾಡೋರು ನೀವು, ಹೆಸರು ಅವರದಾ?" ಅಂದಳು ಅಜ್ಜಿ. ನನಗೂ ಆಶ್ಚರ್ಯವಾಯಿತು. ಅಕ್ಕನನ್ನೂ ಮೇಷ್ಟ್ರನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಇದರಲ್ಲಿ ಎರಡು ವಿಧ. ನಮ್ಮೂರ ಟೈಲರ್ ಅಂಗಡಿಯನ್ನೇ ನೋಡಿ. ಒಬ್ಬರು ಅಳತೆ ಅಂಗಿ ಕೊಟ್ಟು, "ಇದೇ ಥರ ಹೊಲೀರಿ" ಅಂತಾರೆ. ಇನ್ನೊಬ್ಬರು, "ಯಾವ ಮಾದರಿ ಚೆನ್ನಾಗಿರುತ್ತೋ ನೀವೇ ನೋಡಿ ಹೊಲೀರಿ" ಅಂತಾರೆ.

ಅಕ್ಕನ ಕಾರ್ಖಾನೆ ಮೊದಲನೆಯ ವಿಧ. ಫೋನು ಹೇಗಿರಬೇಕೆಂದು ಆಪಲ್ ಹೇಳುತ್ತೆ, ಇವರು ಜೋಡಿಸುತ್ತಾರೆ. ಈ ಕಾರ್ಖಾನೆ ಮೊದಲು ತೈವಾನಿನ ವಿಸ್ಟ್ರಾನ್ ಕಂಪನಿಯದಾಗಿತ್ತು. 2023ರಲ್ಲಿ ಟಾಟಾದವರು ಕೊಂಡರು. ಯಜಮಾನರು ಬದಲಾದರೂ ಫೋನಿನ ಹೆಸರು ಬದಲಾಗಲಿಲ್ಲ!

ಎರಡನೆಯ ವಿಧದಲ್ಲಿ ವಿನ್ಯಾಸವೂ ತಯಾರಕರದೇ. ತೈವಾನಿನಲ್ಲಿ 1984ರಲ್ಲಿ ಕಾಂಪಾಲ್, 1988ರಲ್ಲಿ ಕ್ವಾಂಟಾ ಎಂಬ ಕಂಪನಿಗಳು ಶುರುವಾದವು. ಇವು ಲ್ಯಾಪ್‌ಟಾಪ್‌ಗಳನ್ನು ವಿನ್ಯಾಸ ಮಾಡಿ, ತಯಾರಿಸಿ ಕೊಡುತ್ತವೆ. ಅಂಗಡಿಗೆ ಬರುವಾಗ ಅವುಗಳ ಮೇಲೆ ಡೆಲ್, ಎಚ್‌ಪಿ ಮುಂತಾದ ಹೆಸರು ಇರುತ್ತೆ.

ಹೀಗೆ ಯಾಕೆ ಮಾಡುತ್ತಾರೆ? ಹೆಸರಿನ ಕಂಪನಿಗೆ ಕಾರ್ಖಾನೆ ಕಟ್ಟುವ ಖರ್ಚು ಉಳಿಯುತ್ತೆ. ತಯಾರಕರಿಗೆ ಜಾಹೀರಾತಿನ ಖರ್ಚು ಇಲ್ಲ. ಒಂದೇ ಕಾರ್ಖಾನೆ ನಾಲ್ಕಾರು ಕಂಪನಿಗಳಿಗೆ ಮಾಡಿಕೊಟ್ಟರೆ ಯಂತ್ರಗಳು ಸುಮ್ಮನೆ ನಿಲ್ಲುವುದಿಲ್ಲ. ಆದರೆ ತೊಂದರೆಯೂ ಇದೆ. ಆರ್ಡರ್ ಕೊಡುವವರು ಬೇರೆ ಕಡೆ ಹೋದರೆ ಕಾರ್ಖಾನೆಗೆ ಕೆಲಸವಿಲ್ಲ. ಆಗ ಅಕ್ಕನ ಬಸ್ಸೂ ಬರೋದಿಲ್ಲ.

ನಿಜವಾದ ತಯಾರಕರನ್ನು ತಿಳಿಯೋದು ಹೇಗೆ? ಪೊಟ್ಟಣದ ಹಿಂಭಾಗ ನೋಡಿ. ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ ಹಾಕಬೇಕೆಂದು ಕಾನೂನಿದೆ. 'ಮಾರ್ಕೆಟೆಡ್ ಬೈ' ಅಂದರೆ ಮಾರುವವರು. 'ಮ್ಯಾನುಫ್ಯಾಕ್ಚರ್ಡ್ ಬೈ' ಅಂದರೆ ತಯಾರಿಸಿದವರು. ನಮ್ಮ ಮನೆಯ ಒಂದು ಬಿಸ್ಕತ್ತು ಪೊಟ್ಟಣದಲ್ಲಿ ಎರಡು ಬೇರೆ ಬೇರೆ ಹೆಸರುಗಳಿದ್ದವು. ಅಕ್ಷರ ಮಾತ್ರ ಇರುವೆಯಷ್ಟು ಚಿಕ್ಕದು!

ಗೆಳೆಯರೇ, ನೀವೂ ಮನೆಯಲ್ಲಿ ಸೋಪು, ಬಿಸ್ಕತ್ತು ಪೊಟ್ಟಣ ತಿರುಗಿಸಿ ನೋಡಿ. ತಯಾರಾದ ಊರಿನ ಹೆಸರು ಬರೆದು ತನ್ನಿ. ತರಗತಿಯ ಭೂಪಟದಲ್ಲಿ ಗುರುತು ಹಾಕೋಣ. ನರಸಾಪುರಕ್ಕೆ ನಾನು ಆಗಲೇ ಕೆಂಪು ಚುಕ್ಕೆ ಇಟ್ಟಿದ್ದೇನೆ.

— ಏಳನೇ ತರಗತಿ ವಿದ್ಯಾರ್ಥಿನಿ