ಇಂಡಿಯ ದೂರು ಎತ್ತ ಹೋಯಿತು?

ವಿಜಯಪುರದ ಒಂದು ಕಚೇರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಕುಡಿಯುವ ನೀರಿನ ದೂರುಗಳು ಇ-ಮೇಲ್ ಮೂಲಕ ಬರುತ್ತವೆ ಎಂದಿಟ್ಟುಕೊಳ್ಳಿ. ವಿಷಯದ ಸಾಲಿನಲ್ಲಿ ಊರಿನ ಹೆಸರು ಕಂಡರೆ ಪತ್ರವನ್ನು ಆಯಾ ತಾಲ್ಲೂಕಿನ ಸಿಬ್ಬಂದಿಗೆ ತಿರುಗಿಸಲು ನೀವು ಪೋಸ್ಟ್‌ಫಿಕ್ಸ್ ಸರ್ವರ್‌ನಲ್ಲಿ ನಿಯಮಗಳನ್ನು ಬರೆದಿದ್ದೀರಿ. ಮರುದಿನ ಇಂಡಿಯ ಪೆಟ್ಟಿಗೆ ತೆರೆದರೆ ಜಾಹೀರಾತುಗಳ ರಾಶಿ. ಕನ್ನಡದ ದೂರು ಒಂದೂ ಇಲ್ಲ. ದೋಷದ ವರದಿಯೂ ಇಲ್ಲ. ನಿಯಮ ಹೊಂದದಿದ್ದರೆ ಸರ್ವರ್ ಗೊಣಗುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತದೆ.

ಜಾಹೀರಾತುಗಳ ಕಾರಣ ಸುಲಭ. ಇಂಗ್ಲಿಷಿನಲ್ಲಿ ಇಂಡಿಯ ನಾಲ್ಕು ಅಕ್ಷರಗಳು ಇಂಡಿಯಾ, ಇಂಡಿವಿಜುವಲ್ ಪದಗಳ ಆರಂಭದಲ್ಲೂ ಇವೆ. ಪಿಸಿಆರ್‌ಇ ಬಗೆಯ ನಿಯಮದಲ್ಲಿ ಪದದ ಅಂಚಿನ ಚಿಹ್ನೆಯನ್ನು ಎರಡೂ ಕಡೆ ಸೇರಿಸಿದರಾಯಿತು.

ಕನ್ನಡದ ಪತ್ರಗಳ ಕಥೆ ಬೇರೆ. ಇ-ಮೇಲ್ ಹೆಡರ್ ರೂಪುಗೊಂಡದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಉಳಿದ ಲಿಪಿಗಳನ್ನು ಆ ಅಕ್ಷರಗಳಲ್ಲೇ ಅಡಗಿಸಿ ಕಳುಹಿಸುವ ಕ್ರಮವನ್ನು 1996ರ ಆರ್‌ಎಫ್‌ಸಿ 2047 ನಿಗದಿಪಡಿಸಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಇ, ಸೊನ್ನೆ, ಡ, ಗುಡಿಸು ಸೇರಿ ಇಂಡಿಗೆ 12 ಬೈಟ್. ಬೇಸ್64 ಪದ್ಧತಿಯು ಪ್ರತಿ 3 ಬೈಟನ್ನು 4 ಅಕ್ಷರ ಮಾಡುವುದರಿಂದ ಅದು 16 ಅಕ್ಷರಗಳ ಸರಣಿಯಾಗುತ್ತದೆ. ಪೋಸ್ಟ್‌ಫಿಕ್ಸ್‌ನ ಹೆಡರ್ ನಿಯಮ ನೋಡುವುದು ಈ ಸರಣಿಯನ್ನು. ಅದನ್ನು ಬಿಡಿಸಿ ಓದುವುದಿಲ್ಲ.

ಹಾಗಾದರೆ ಆ 16 ಅಕ್ಷರಗಳನ್ನೇ ನಿಯಮದಲ್ಲಿ ಬರೆಯೋಣವೇ? ಇಂಡಿಯ ಮುಂಚೆ ಒಂದು ಖಾಲಿ ಜಾಗ ಬಂತೆನ್ನಿ. ಅದಕ್ಕೆ 1 ಬೈಟ್. ಮೂರು ಮೂರರ ಕಟ್ಟು ಜರುಗಿ ಸರಣಿ ಪೂರ್ತಿ ಬದಲಾಗುತ್ತದೆ. ಹೀಗೆ ಒಂದೇ ಊರಿಗೆ ಮೂರು ವೇಷ! ಅಲ್ಲದೆ ಒಂದು ಸಂಕೇತ ಪದ 75 ಅಕ್ಷರ ಮೀರುವಂತಿಲ್ಲ. ಬಸವನ ಬಾಗೇವಾಡಿಗೇ 64 ಬೇಕು. ಮುಂಚೆ 'ನೀರು' ಎಂದಿದ್ದರೆ ಹೆಸರು ನಡುವೆ ತುಂಡಾಗಬಹುದು.

ಪೋಸ್ಟ್‌ಮ್ಯಾಪ್ ಆಜ್ಞೆಯಿಂದ ಪರೀಕ್ಷಿಸುವಾಗ ವಿಷಯವನ್ನು ನೀವೇ ಕನ್ನಡದಲ್ಲಿ ಟೈಪ್ ಮಾಡಬೇಡಿ. ಹಾಗೆ ಮಾಡಿದರೆ ನಿಯಮ ಹೊಂದುತ್ತದೆ, ನೀವು ಮೋಸಹೋಗುತ್ತೀರಿ. ಬಂದ ಪತ್ರದ ಮೂಲರೂಪವನ್ನು ತೆರೆದು ಅಲ್ಲಿನ ಸಾಲನ್ನೇ ನಕಲು ಮಾಡಿ.

ವಿಂಗಡಣೆಯನ್ನು ಪತ್ರ ಪೆಟ್ಟಿಗೆಗೆ ಬೀಳುವ ಹಂತಕ್ಕೆ ಬಿಡುವುದು ಲೇಸು. ಅಲ್ಲಿ ಬಳಸುವ ಸೀವ್ ಭಾಷೆಯು 2008ರ ಆರ್‌ಎಫ್‌ಸಿ 5228ರ ಪ್ರಕಾರ ಹೆಡರನ್ನು ಬಿಡಿಸಿಕೊಂಡೇ ಹೋಲಿಸುತ್ತದೆ. ಆದರೂ ಇಂಡಿ ಎಂದು ಹುಡುಕಿದರೆ 'ಇಂಡಿಯಾ' ಮತ್ತೆ ಸಿಗುತ್ತದೆ. 'ಇಂಡಿಯಲ್ಲಿ', 'ಇಂಡಿಗೆ' ಎಂದು ವಿಭಕ್ತಿ ಅಂಟುವ ನಮ್ಮ ಭಾಷೆಯಲ್ಲಿ ಪದದ ಅಂಚಿನ ಉಪಾಯ ನಡೆಯದು. ಇಂಡಿಯಾ ಇರುವ ಪತ್ರಗಳನ್ನು ಮೊದಲ ನಿಯಮದಲ್ಲೇ ಬೇರ್ಪಡಿಸಿ, ಕಣ್ಣಿಂದ ನೋಡಿ. ಮುದ್ದೇಬಿಹಾಳವನ್ನು 'ಮುದ್ದೆಬಿಹಾಳ' ಎಂದೂ ಬರೆಯುವವರಿದ್ದಾರೆ, ಎರಡನ್ನೂ ಸೇರಿಸಿ.

ಪೋಸ್ಟ್‌ಫಿಕ್ಸ್‌ನ ರೀಡೈರೆಕ್ಟ್ ಮೂಲ ವಿಳಾಸದವರನ್ನೆಲ್ಲ ಕೈಬಿಡುತ್ತದೆ. ತಪ್ಪು ನಿಯಮಕ್ಕೆ ಸಿಕ್ಕ ದೂರು ನಿಮ್ಮ ಕಚೇರಿಗೂ ಸಿಗದು. ಆದ್ದರಿಂದ ಸೀವ್‌ನಲ್ಲಿ ತಿರುಗಿಸುವಾಗ ಕಾಪಿ ಸೂಚನೆ ಸೇರಿಸಿ, ಒಂದು ಪ್ರತಿಯನ್ನು ಮೂಲ ಪೆಟ್ಟಿಗೆಯಲ್ಲೂ ಉಳಿಸಿಕೊಳ್ಳಿ.